ನಾಳೆ ನಾನು ನೀರಿನ ಜಂಪ್ ಹತ್ತಿರ ನಿಲ್ಲುವುದಿಲ್ಲ

ಪುಟ್ಟಿ,

ನೀನು ಮಲಗಿ ಒಂದು ಗಂಟೆಯಾಯಿತು. ನಾನು ಚುಕ್ಕಿಯ ಲಾಯದ ಮುಂದೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದೇನೆ. ಒಳಗೆ ಅವಳು ಹುಲ್ಲು ಅಗಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ. ಟಾರ್ಚನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಈ ಈವೆಂಟಿಂಗ್ ಸ್ಪರ್ಧೆಯ ಮೊದಲ ಸುತ್ತಿಗೆ, ಅಂದರೆ ಕುದುರೆಯನ್ನು ಹೇಳಿದ ಹೆಜ್ಜೆಗಳಲ್ಲಿ ನಡೆಸಿ ತೋರಿಸುವ ಡ್ರೆಸಾಜಿಗೆ, ನೀನು ಪಾಠ ಬರೆದುಕೊಂಡಿದ್ದ ಹಾಳೆಯ ಹಿಂಬದಿಯಲ್ಲಿ ಇದನ್ನು ಗೀಚುತ್ತಿದ್ದೇನೆ. ಮೂರು ದಿನದಿಂದ ಎದುರಿಗೆ ಕೂತೇ ಹೇಳೋಣ ಅಂತ ನೋಡಿದೆ. ಪ್ರತಿ ಸಲವೂ ಮಾತು ಲಾಳಕ್ಕೋ ಲಗಾಮಿಗೋ ಹೊರಳಿಕೊಳ್ಳುತ್ತಿತ್ತು.

ಮೊದಲು ಚುಕ್ಕಿಯ ವರದಿ. ಎರಡನೇ ಬಕೆಟ್ಟೂ ಖಾಲಿ! ಬಂದ ದಿನ ನೆನಪಿದೆಯಲ್ವಾ? ಇಲ್ಲಿನ ನೀರಿಗೆ ಮೂತಿ ಇಟ್ಟವಳು ಮೇಲ್ತುಟಿ ಸುರುಟಿಕೊಂಡು, ಇದನ್ನು ಕುಡಿಯುವುದಕ್ಕಾ ಇಷ್ಟು ದೂರ ಕರೆತಂದಿರಿ ಅನ್ನುವ ಹಾಗೆ ನಮ್ಮನ್ನು ನೋಡಿದ್ದಳು. ನೀನು ಹೊರಡುವ ಮುಂಚೆ ಕ್ಯಾನುಗಳಲ್ಲಿ ಮನೆಯ ನೀರು ತುಂಬುವಾಗ ನಾನು ನಕ್ಕಿದ್ದೆ. ಈಗ ನಗುತ್ತಿಲ್ಲ. ಜಾಗ ಬದಲಾದರೆ ನೀರಿನ ರುಚಿ ಬದಲಾಗುತ್ತದೆ, ಎಷ್ಟೋ ಕುದುರೆಗಳು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತವೆ. ನೀರು ಸಾಲದಿದ್ದರೆ ಕರುಳಲ್ಲಿ ಹುಲ್ಲು ಕಟ್ಟಿಕೊಳ್ಳುತ್ತದೆ, ಹೊಟ್ಟೆನೋವು ಬರುತ್ತದೆ. ಪಾಪ, ಕುದುರೆಗೆ ವಾಂತಿ ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ. ಮನೆಯ ನೀರಿಗೆ ಇಲ್ಲಿಯದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಹುಲ್ಲನ್ನೂ ನೆನೆಸಿ ಕೊಟ್ಟು ನೀನೇ ದಾರಿಗೆ ತಂದೆ.

ರಾತ್ರಿ ಹತ್ತಕ್ಕೆ ಜ್ವರ ಇದೆಯಾ ಅಂತ ನೋಡಿದೆ, ಇಲ್ಲ, 37.8 ಡಿಗ್ರಿ. ಎಡಗಡೆ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟು ಎದೆಬಡಿತ ಎಣಿಸಿದೆ, ನಿಮಿಷಕ್ಕೆ 36. ವಸಡು ಒದ್ದೆಯಾಗಿದೆ, ಗುಲಾಬಿ ಬಣ್ಣಕ್ಕಿದೆ. ಸಂಜೆಯಿಂದ ಮೂರು ಸಲ ಸಗಣಿ ಹಾಕಿದ್ದಾಳೆ. ಎಲ್ಲವನ್ನೂ ಬಾಗಿಲ ಬೋರ್ಡಿನ ಮೇಲೆ ಬರೆದಿದ್ದೇನೆ. ಕುದುರೆಯ ಸಗಣಿ ಎಣಿಸಿ ಖುಷಿಪಡುವ ಮನುಷ್ಯ ಆಗುತ್ತೇನೆ ಅಂತ ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಲಾರಿಯಲ್ಲಿ ಬರುವಾಗ ಜಗಳ ಆಯಿತಲ್ಲ, ಅದರಲ್ಲೂ ನೀನೇ ಸರಿ. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಲೇಬೇಕು ಅಂತ ನೀನು, ಇನ್ನೊಂದು ಸ್ವಲ್ಪ ದೂರ ಹೋಗೋಣ ಅಂತ ನಾನು. ತಲೆ ಮೇಲೆತ್ತಿ ಕಟ್ಟಿದ ಕುದುರೆ ಗಂಟೆಗಟ್ಟಲೆ ಹಾಗೇ ನಿಂತರೆ ಧೂಳು, ಸಿಂಬಳ ಹೊರಗೆ ಬರದೆ ಶ್ವಾಸಕೋಶದ ಕಡೆಗೇ ಇಳಿಯುತ್ತದೆ. ಹಗ್ಗ ಬಿಚ್ಚಿದ ತಕ್ಷಣ ಚುಕ್ಕಿ ಮೂತಿಯನ್ನು ನೆಲದವರೆಗೂ ಇಳಿಸಿ ಮೂರು ಸಲ ಸೀನಿದಳು. ನನ್ನ ಪ್ಯಾಂಟಿನ ಮೇಲೆ ಅದರ ಗುರುತು ಇನ್ನೂ ಇದೆ.

ಡ್ರೆಸಾಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿ ಮಾಡಿದೆ. ಎದುರಿಗೆ ಜಡ್ಜು ಕೂತ C ಅಕ್ಷರದ ಹತ್ತಿರ ಅವಳು ಒಂದು ಹೂಕುಂಡ ನೋಡಿ ಬೆಚ್ಚಿದಳು, ನೀನು ಬೆಚ್ಚಲಿಲ್ಲ. ಶೇಕಡಾ 66.2, ಅಂದರೆ ನೂರರಲ್ಲಿ ಕಳೆದು 33.8 ಪೆನಾಲ್ಟಿ. ಮೊದಲ ಸ್ಥಾನದಲ್ಲಿರುವವರು 27.4. ವ್ಯತ್ಯಾಸ 6.4. ನಾಳೆ ಬಯಲಲ್ಲಿ ಜಂಪ್‌ಗಳನ್ನು ದಾಟುತ್ತಾ ಓಡುವ ಕ್ರಾಸ್‌ಕಂಟ್ರಿಯಲ್ಲಿ ತಡವಾದ ಒಂದೊಂದು ಸೆಕೆಂಡಿಗೂ 0.4, ಹಾಗಾಗಿ ಅದು 16 ಸೆಕೆಂಡು. ಕೊನೆಯ ಸುತ್ತು ಶೋಜಂಪಿಂಗಲ್ಲಾದರೆ ಒಂದು ಕಂಬ ಬಿದ್ದರೆ 4... ನೋಡು, ನಿನ್ನ ಅಪ್ಪ ಮತ್ತೆ ಲೆಕ್ಕ ಶುರುಮಾಡಿದ. ಈ ಚಟದ ವಿಷಯಕ್ಕೇ ಬರಬೇಕು.

ಹೋದ ವರ್ಷ ನೀರಿನ ಜಂಪ್ ಹತ್ತಿರ ನಡೆದದ್ದನ್ನು ನಾವಿಬ್ಬರೂ ಬಾಯಿಬಿಟ್ಟು ಮಾತಾಡಿಲ್ಲ. ನೀನು ಮರೆತಿರಬಹುದು ಅಂತ ನಾನು ಅಂದುಕೊಂಡಿದ್ದೆ. ಇವತ್ತು ಮಧ್ಯಾಹ್ನ ನಾಳೆಯ ಓಟದ ದಾರಿ ನೋಡಿಕೊಳ್ಳುವುದಕ್ಕೆ ಇಬ್ಬರೂ ಕಾಲ್ನಡಿಗೆಯಲ್ಲಿ ಹೋದಾಗ ಗೊತ್ತಾಯಿತು, ಮರೆತಿಲ್ಲ. ಮೊದಲ ಹತ್ತು ಜಂಪ್‌ಗಳವರೆಗೂ ಹೆಜ್ಜೆ ಎಣಿಸುತ್ತಾ, ಇಲ್ಲಿ ಬಲಕ್ಕೆ ಕೆಂಪು ಬಾವುಟ, ಎಡಕ್ಕೆ ಬಿಳಿ, ಇಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂತ ವಟಗುಟ್ಟುತ್ತಿದ್ದವಳು ನೀರು ಕಂಡ ಕೂಡಲೇ ಸುಮ್ಮನಾದೆ. ನೀರಿಗಿಂತ ಮೊದಲು ಹಗ್ಗದ ಕಡೆ ನೋಡಿದೆ. ಜನ ನಿಲ್ಲುವ ಜಾಗದ ಕಡೆ. ನನಗೆ ಒಳಗೇನೋ ಚುರುಕ್ ಅಂತು.

ಅವತ್ತು ನಾನು ನಿಂತದ್ದು ಅಂಥದೇ ಜಾಗದಲ್ಲಿ. ಚುಕ್ಕಿ ಮೊದಲ ಸಲ ಜಿಗಿಯದೆ ನಿಂತಳು, 20 ಪೆನಾಲ್ಟಿ. ನೀನು ತಿರುಗಿಸಿ ಮತ್ತೆ ತಂದೆ. ಎರಡನೇ ಸಲ ಅಂಚಿಗೆ ಬಂದು ಮುಂಗಾಲು ಊರಿ ನಿಂತಳು, ಇನ್ನೂ 40. ಆಗ ನೀನು ತಲೆ ಎತ್ತಿ ನನ್ನನ್ನು ಹುಡುಕಿದೆ. ನಿನ್ನ ಮುಖದಲ್ಲಿ ಇದ್ದದ್ದು ಭಯ ಅಲ್ಲ, ಅನುಮಾನ. ಕುದುರೆಗೆ ಏನೋ ಆಗಿದೆ ಅನ್ನುವುದು ನಿನಗೆ ಗೊತ್ತಾಗಿತ್ತು. ಓಟ ನಿಲ್ಲಿಸುತ್ತೇನೆ ಅನ್ನುವುದಕ್ಕೆ ನಿನ್ನ ಕೈ ಅರ್ಧ ಮೇಲೆದ್ದಿತ್ತು ಕೂಡ. ನಾನು ಏನು ಮಾಡಿದೆ? ಎರಡೂ ಕೈ ಬೀಸಿ ಹೋಗು ಹೋಗು ಅಂದೆ.

ನೀನು ಹೋದೆ. ಅವಳು ಮೂರನೇ ಸಲ ನಿಂತಳು, ಎಲಿಮಿನೇಷನ್, ಸ್ಪರ್ಧೆಯಿಂದಲೇ ಹೊರಗೆ. ಲಾಯಕ್ಕೆ ಬಂದು ಕಾಲು ತೊಳೆದಾಗ ಬಲ ಮುಂಗಾಲಿನ ಲಾಳ ಪಕ್ಕಕ್ಕೆ ಸರಿದಿತ್ತು. ಅದರ ಅಂಚಿನ ಚೂಪು ಕಬ್ಬಿಣವನ್ನು ಅವಳು ಪ್ರತಿ ಹೆಜ್ಜೆಗೂ ತುಳಿದುಕೊಂಡೇ ಬಂದಿದ್ದಳು. ಗೊರಸು ಮುಟ್ಟಿದರೆ ಬಿಸಿ. ನೀನು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ, ಒಂದೂ ಮಾತಾಡಲಿಲ್ಲ. ದಿನಾ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದ್ದು ಬಿಟ್ಟರೆ ಮೂರು ವಾರ ಅವಳು ಲಾಯ ಬಿಟ್ಟು ಹೊರಗೆ ಬರಲಿಲ್ಲ.

ಯಾಕೆ ಕೈ ಬೀಸಿದೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಂಬರ್ ಉಳಿಸಿಕೊಳ್ಳುವುದಕ್ಕಾದರೂ ಅಲ್ಲ, ಆಗಲೇ 60 ಹೋಗಿತ್ತು. ಇಷ್ಟು ದೂರ ಬಂದಿದ್ದೇವೆ, ಮುಗಿಸಿದೆವು ಅಂತಾದರೂ ಹೇಳಿಕೊಳ್ಳಬೇಕು ಅಂತ. ಲಾರಿ ಓಡಿಸಿದ್ದು ನಾನು, ರಜೆ ಹಾಕಿದ್ದು ನಾನು. ಬೆನ್ನ ಮೇಲೆ ಕೂತವಳು ನೀನು, ಕಾಲು ನೋಯುತ್ತಿದ್ದದ್ದು ಅವಳಿಗೆ. ಇದರಲ್ಲಿ ನನ್ನ ಕೈಗೆ ಏನು ಕೆಲಸ ಇತ್ತು ಹೇಳು?

ಆ ವಾರವೇ ರೂಲ್‌ಬುಕ್ ಓದಿದೆ. ಅದುವರೆಗೂ ನಾನು ನೋಡಿದ್ದು ಪೆನಾಲ್ಟಿ ಪಟ್ಟಿ ಮಾತ್ರ. ಓಡುತ್ತಿರುವ ಸವಾರರಿಗೆ ಹೊರಗಿನವರು ಮಾತಿನಿಂದಲೋ ಸನ್ನೆಯಿಂದಲೋ ಸಹಾಯ ಮಾಡುವ ಹಾಗಿಲ್ಲ, ಅದೊಂದೇ ಕಾರಣಕ್ಕೆ ಎಲಿಮಿನೇಟ್ ಮಾಡಬಹುದು ಅಂತ ಅದರಲ್ಲಿ ಇದೆ. ಸುಸ್ತಾದ ಕುದುರೆಯನ್ನು ಒತ್ತಾಯಕ್ಕೆ ಓಡಿಸಿದರೆ ಅದು ಅಪಾಯದ ಸವಾರಿ, ಅದಕ್ಕೂ ಶಿಕ್ಷೆ ಇದೆ. ನನ್ನಂಥ ಅಪ್ಪಂದಿರನ್ನು ನೋಡಿಯೇ ಬರೆದಿರಬೇಕು.

ಇನ್ನೊಂದು ತಪ್ಪು ಇನ್ನೂ ಹಳೆಯದು. ನೀನು ಚಿಕ್ಕವಳಿದ್ದಾಗ ಮಲಗುವ ಹೊತ್ತಿಗೆ ಲಾನಾ ಡು ಪಾಂಟ್ ಕಥೆ ಹೇಳುತ್ತಿದ್ದೆನಲ್ಲ? 1964ರ ಟೋಕಿಯೋ ಒಲಿಂಪಿಕ್ಸ್. ಒಲಿಂಪಿಕ್ಸ್ ಈವೆಂಟಿಂಗ್‌ನಲ್ಲಿ ಓಡಿದ ಮೊದಲ ಹೆಂಗಸು. ಕ್ರಾಸ್‌ಕಂಟ್ರಿಯಲ್ಲಿ ಕುದುರೆ ಸಮೇತ ಬಿದ್ದರು, ಎದ್ದರು, ಮತ್ತೆ ಬಿದ್ದರು, ಮತ್ತೆ ಎದ್ದು ಮುಗಿಸಿದರು, ಅಮೆರಿಕದ ತಂಡಕ್ಕೆ ಬೆಳ್ಳಿ ಬಂತು. ಅಲ್ಲಿಗೆ ಕಥೆ ನಿಲ್ಲಿಸುತ್ತಿದ್ದೆ. ನೀನು ಚಪ್ಪಾಳೆ ತಟ್ಟುತ್ತಿದ್ದೆ. ಮಿಸ್ಟರ್ ವಿಸ್ಟರ್ ಅನ್ನುವ ಆ ಕುದುರೆಯ ದವಡೆಯ ಮೂಳೆಗಳು ಮುರಿದಿದ್ದವು ಅನ್ನುವ ಭಾಗವನ್ನು ನಾನು ಹೇಳುತ್ತಿರಲಿಲ್ಲ. ಅವನಿಗೆ ಇನ್ನೂ ಓಡುವ ಹುರುಪಿತ್ತು ಅಂತ ಅವರೇ ಆಮೇಲೆ ಹೇಳಿದ್ದಾರೆ. ಇರಬಹುದು. ಕುದುರೆಗಳು ಹಾಗೇ, ನೋವಿದ್ದರೂ ಓಡುತ್ತವೆ. ಈಗಿನ ನಿಯಮದಲ್ಲಾದರೆ ಮೊದಲ ಸಲ ಬಿದ್ದ ಕೂಡಲೇ ಅವರ ಓಟ ಮುಗಿಯುತ್ತಿತ್ತು. ಆ ಹೆಂಗಸಿನ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅರ್ಧ ಕಥೆ ಹೇಳಿ ನಿನ್ನನ್ನು ಬೆಳೆಸಿದೆನಲ್ಲ, ಅದು ಕಾಡುತ್ತದೆ.

ಅದೇ ಟೋಕಿಯೋದಲ್ಲಿ 2021ರಲ್ಲಿ ನಡೆದದ್ದು ನಿನಗೇ ನನಗಿಂತ ಚೆನ್ನಾಗಿ ಗೊತ್ತು, ಇಬ್ಬರೂ ಕೂತು ನೋಡಿದ್ದೆವು. ಎರಡು ಸಲದ ಚಾಂಪಿಯನ್ ಮಿಖಾಯೆಲ್ ಯುಂಗ್ ಅವರ ಕುದುರೆ ಒಂದು ಜಂಪಿಗೆ ಸುಮ್ನೆ ಹೀಗೆ ತಾಗಿತು. ಕುದುರೆ ಬೀಳದಿರಲಿ ಅಂತ ಕಂಬಕ್ಕೆ ಹಾಕಿದ್ದ ಪಿನ್ ಬಿಚ್ಚಿಕೊಂಡಿತು, 11 ಪೆನಾಲ್ಟಿ. ನಾನು ಅನ್ಯಾಯ ಅಂತ ಕೂಗಿದೆ. ನೀನು, ಅಪ್ಪಾ, ಆ ಪಿನ್ ಇರುವುದೇ ಕುದುರೆಗೋಸ್ಕರ ಅಂದೆ. ಆ ಸಲ ಚಿನ್ನ ಗೆದ್ದದ್ದು ಜರ್ಮನಿಯ ಯೂಲಿಯಾ ಕ್ರಯೆವ್ಸ್ಕಿ. ಈವೆಂಟಿಂಗ್‌ನಲ್ಲಿ ವೈಯಕ್ತಿಕ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಹೆಂಗಸು. ಅವರ ಕುದುರೆಯೂ ಹೆಣ್ಣು ಅಂತ ನೀನು ಹೋಗಿ ಚುಕ್ಕಿಯ ಕಿವಿಯಲ್ಲಿ ಹೇಳಿ ಬಂದಿದ್ದೆ. ಆ ಕಾಲದಲ್ಲಿ ನಾನಿನ್ನೂ ಚುಕ್ಕಿಯನ್ನು 'ಅದು' ಅನ್ನುತ್ತಿದ್ದೆ. ನೀನು ಮುನಿಸಿಕೊಳ್ಳುತ್ತಿದ್ದೆ.

ಸರಿ, ನಾಳೆಯ ವಿಷಯ. ನಾಳೆ ನಾನು ನೀರಿನ ಹತ್ತಿರ ನಿಲ್ಲುವುದಿಲ್ಲ. ಯಾವ ಜಂಪ್ ಹತ್ತಿರವೂ ನಿಲ್ಲುವುದಿಲ್ಲ. ಫಿನಿಶ್ ಆಚೆ ಐಸ್, ಸ್ಪಂಜು, ಬಕೆಟ್ ಇಟ್ಟುಕೊಂಡು ಕಾಯುತ್ತಿರುತ್ತೇನೆ. ನೀನು ತಲೆ ಎತ್ತಿ ಯಾರನ್ನೂ ಹುಡುಕಬೇಡ, ಹಗ್ಗದ ಆಚೆ ಇರುವವರು ಯಾರೂ ನಮ್ಮವರಲ್ಲ ಅಂದುಕೋ. ಅವಳ ಕಿವಿ ನೋಡು, ಉಸಿರು ಕೇಳು. ಕೈ ಎತ್ತಬೇಕು ಅನ್ನಿಸಿದರೆ ಪೂರ್ತಿ ಎತ್ತು. ಮೂರನೇ ಜಂಪಿನಲ್ಲೇ ಅನ್ನಿಸಿದರೂ ಸರಿ, ಕೊನೆಯದರ ಮುಂದೆ ಅನ್ನಿಸಿದರೂ ಸರಿ. ನಡೆಸಿಕೊಂಡು ಬಾ. ಯಾಕೆ ಅಂತ ನಾನು ಕೇಳುವುದಿಲ್ಲ. ವಾಪಸ್ ಹೋಗುವ ದಾರಿಯಲ್ಲೂ ಕೇಳುವುದಿಲ್ಲ. ಅದು ನನಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು, ಆದರೂ ಕೇಳುವುದಿಲ್ಲ.

ಎಲ್ಲ ಚೆನ್ನಾಗಿದ್ದರೆ ಓಡಿಸು, ಅದನ್ನು ನಾನು ಹೇಳಬೇಕಾಗಿಲ್ಲ. ನಿಮಿಷಕ್ಕೆ 520 ಮೀಟರ್, ಒಟ್ಟು 8 ನಿಮಿಷ. ಇಳಿಜಾರಿನ ನಂತರದ ತಿರುವಿನಲ್ಲಿ ಹುಲ್ಲು ಜಾರುತ್ತದೆ ಅಂದೆಯಲ್ಲ, ಅದಕ್ಕೆ ಲಾಳಕ್ಕೆ ತಿರುಪುವ ದೊಡ್ಡ ಸ್ಟಡ್ ನಾಲ್ಕು ಆರಿಸಿ ಎಣ್ಣೆ ಹಚ್ಚಿಟ್ಟಿದ್ದೇನೆ. ಲಾಳದ ತೂತುಗಳಲ್ಲಿದ್ದ ಹತ್ತಿ ತೆಗೆದು, ಮಣ್ಣು ಕೆರೆದು, ಹೊಸ ಹತ್ತಿ ತುಂಬಿದೆ. ನಾಲ್ಕೂ ಲಾಳಗಳನ್ನು ಹಿಡಿದು ಅಲ್ಲಾಡಿಸಿ ನೋಡಿದೆ. ಬಲ ಮುಂಗಾಲಿನದನ್ನು ಎರಡು ಸಲ.

ನಾಡಿದ್ದು ಬೆಳಿಗ್ಗೆ ಕುದುರೆ ಕುಂಟುತ್ತಿದೆಯಾ ಅಂತ ಓಡಿಸಿ ನೋಡುವ ಟ್ರಾಟ್‌ಅಪ್ ಇದೆಯಲ್ಲ, ಅದಕ್ಕೆ ಮಾತ್ರ ನಾನು ಬರುತ್ತೇನೆ. ಅಲ್ಲಿ ನನ್ನದೊಂದು ಗುಟ್ಟಿದೆ. ಎಲ್ಲರೂ ಕುದುರೆಯನ್ನು ನೋಡುತ್ತಿರುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಗಟ್ಟಿ ನೆಲದ ಮೇಲೆ ನೀನು ಪಕ್ಕದಲ್ಲಿ ಓಡುತ್ತಾ ಅವಳನ್ನು ಟ್ರಾಟ್ ಮಾಡಿಸುವಾಗ ಟಕ್ ಟಕ್, ಟಕ್ ಟಕ್ ಅಂತ ಎರಡೇ ತಾಳ. ಸರಿ ಇದ್ದರೆ ಎಲ್ಲವೂ ಒಂದೇ ತೂಕ. ಒಂದು ಕಾಲಿಗೆ ನೋವಿದ್ದರೆ ಅದನ್ನು ಮೆಲ್ಲಗೆ ಇಡುತ್ತಾಳೆ, ಒಳ್ಳೆಯ ಕಾಲಿನ ಮೇಲೆ ಭಾರ ಹಾಕುತ್ತಾಳೆ, ಒಂದು ಟಕ್ ಜೋರು, ಒಂದು ಮೆತ್ತಗೆ. ಮುಂಗಾಲಾದರೆ ಒಳ್ಳೆಯ ಕಾಲು ಊರುವಾಗ ತಲೆಯೂ ಕೆಳಗೆ ತೂಗುತ್ತದೆ ಅಂತ ನೀನೇ ಹೇಳಿಕೊಟ್ಟಿದ್ದೆ. ನನ್ನ ಕಣ್ಣಿಗೆ ಅದು ಇವತ್ತಿಗೂ ಸರಿಯಾಗಿ ಕಾಣುವುದಿಲ್ಲ. ಕಿವಿಗೆ ಮಾತ್ರ ಗೊತ್ತಾಗುತ್ತದೆ. ಹೋದ ವರ್ಷದ ಆ ಮೂರು ವಾರ, ನೀನು ದಿನಾ ಅವಳನ್ನು ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಿಸಿ ನೋಡುತ್ತಿದ್ದೆಯಲ್ಲ, ಆಗ ಕೋಣೆಯೊಳಗೆ ಕೂತು ಕಲಿತದ್ದು. ಇಪ್ಪತ್ತೊಂದನೇ ದಿನ ನಾಲ್ಕೂ ಟಕ್ ಒಂದೇ ಸಮ ಕೇಳಿಸಿತು. ನಾನು ಹೊರಗೆ ಬರಲಿಲ್ಲ, ನಾಚಿಕೆಯಾಗಿತ್ತು.

ಬೆಳಿಗ್ಗೆ ನಾಲ್ಕೂವರೆಗೆ ನಾನೇ ಹುಲ್ಲು ಹಾಕುತ್ತೇನೆ. ನೀನು ಐದೂವರೆವರೆಗೂ ಮಲಗು. ನಾಳೆ ಜೂಲು ಹೆಣೆಯುವ ಕೆಲಸವೂ ಇಲ್ಲ. ನಿನ್ನೆ ನಾನು ಹೆಣೆದದ್ದನ್ನೆಲ್ಲ ನಾನು ಅತ್ತ ಹೋದ ಮೇಲೆ ಬಿಚ್ಚಿ ಮತ್ತೆ ಹೆಣೆದೆ ಅಂತ ನನಗೆ ಗೊತ್ತಿಲ್ಲ ಅಂದುಕೊಂಡೆಯಾ?

ಇಗೋ, ಚುಕ್ಕಿ ಮಲಗಿದಳು. ಮುಂಗಾಲು ಮಡಚಿ, ಧೊಪ್ ಅಂತ. ಇಲ್ಲಿಗೆ ಬಂದ ಮೇಲೆ ಇದೇ ಮೊದಲು, ಇಷ್ಟು ರಾತ್ರಿ ನಿಂತೇ ತೂಕಡಿಸುತ್ತಿದ್ದಳು. ಗಲ್ಲವನ್ನು ಹುಲ್ಲಿನ ಮೇಲೆ ಊರಿದ್ದಾಳೆ, ಕೆಳತುಟಿ ಜೋತುಬಿದ್ದಿದೆ. ಟಾರ್ಚಿನ ಬೆಳಕು ಅವಳ ಕಣ್ಣಿಗೆ ಬೀಳುತ್ತಿದೆ, ಆರಿಸುತ್ತೇನೆ.

ಅಪ್ಪ

ಮರೆತಿದ್ದೆ: ನಿನ್ನ ಮೆಡಿಕಲ್ ಕಾರ್ಡ್ ಇರುವ ತೋಳಪಟ್ಟಿ ಹೆಲ್ಮೆಟ್ ಒಳಗಿದೆ. ನೀನು ಸಂಜೆಯಿಂದ ಹುಡುಕುತ್ತಿದ್ದ ಎಡಗೈ ಗ್ಲೌಸ್ ನನ್ನ ಜೇಬಿನಲ್ಲೇ ಇತ್ತು.