ಊಟ ಮಾಡ್ತಿದ್ದೀಯಾ ಅಂತ ಕೇಳಿದ ಪತ್ತೇದಾರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ‘ಎರಡು ಗಂಟೆ ಕಣ್ಣು ಮಿಟುಕಿಸದೆ ಕೂತು ನೋಡಿದ್ದಕ್ಕೆ ಕೊನೆಗೂ ಕೊಲೆಗಾರ ಸಿಗಲೇ ಇಲ್ಲ, ಇದೆಂಥ ಪತ್ತೇದಾರಿ ಸಿನಿಮಾ ಮಾರಾಯಾ’ ಅಂತ ಬರೆದಿದ್ದೀಯ. ‘ಮೆಮೊರೀಸ್ ಆಫ್ ಮರ್ಡರ್’ ನೋಡು ಅಂತ ನಿನ್ನ ಬೆನ್ನು ಬಿದ್ದವನು ನಾನೇ. ಉತ್ತರ ಕೊಡುವ ಹೊಣೆಯೂ ನನ್ನದೇ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಪತ್ರ.

2003ರಲ್ಲಿ ಬಾಂಗ್ ಜೂನ್ ಹೋ ಈ ಸಿನಿಮಾ ಮಾಡಿದಾಗ ಕೊಲೆಗಾರ ನಿಜಕ್ಕೂ ಸಿಕ್ಕಿರಲಿಲ್ಲ. ದಕ್ಷಿಣ ಕೊರಿಯಾದ ಹ್ವಾಸಂಗ್‌ನಲ್ಲಿ 1986ರಿಂದ 1991ರ ನಡುವೆ ಹತ್ತು ಕೊಲೆಗಳಾದವು. ಶಾಲೆಗೆ ಹೋಗುವ ಹುಡುಗಿಯಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜಿಯವರೆಗೆ, ಸತ್ತವರೆಲ್ಲ ಹೆಂಗಸರು. ಸಿಗದವನನ್ನು ಸಿಕ್ಕ ಹಾಗೆ ತೋರಿಸಿ ನಮ್ಮನ್ನು ಸಮಾಧಾನದಿಂದ ಮನೆಗೆ ಕಳಿಸಲು ನಿರ್ದೇಶಕ ಒಪ್ಪಲಿಲ್ಲ. ಆ ಪ್ರಾಮಾಣಿಕತೆಗೇ ನಾನು ಮೊದಲು ಸೋತದ್ದು.

ಈಗ ನಟ ಸಾಂಗ್ ಕಾಂಗ್ ಹೋ ವಿಷಯಕ್ಕೆ ಬರುತ್ತೇನೆ. ಅವನು ಮಾಡಿರುವ ಹಳ್ಳಿ ಪೊಲೀಸ್ ಪಾರ್ಕ್ ಡೂ ಮನ್‌ಗೆ ಒಂದೇ ಒಂದು ನಂಬಿಕೆ: ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅಪರಾಧಿ ಯಾರೆಂದು ತನಗೆ ಗೊತ್ತಾಗುತ್ತದೆ. ಸಾಕ್ಷಿ ಬೇಡ, ಲ್ಯಾಬು ಬೇಡ. ಮೊದಮೊದಲು ಅವನ ನಡಿಗೆಯಲ್ಲಿ, ಸೊಂಟದ ಮೇಲೆ ಕೈಯಿಟ್ಟು ಗದ್ದೆಯ ಬದುವಿನಲ್ಲಿ ನಿಲ್ಲುವ ರೀತಿಯಲ್ಲಿ ಎಂಥ ಧಿಮಾಕಿದೆ ನೋಡು. ಹೆಣ ಬಿದ್ದ ಗದ್ದೆಗೆ ಒಬ್ಬೊಬ್ಬರಾಗಿ ಜಾರಿ ಬೀಳುವ ಅಧಿಕಾರಿಗಳು, ಓಡಾಡುವ ಮಕ್ಕಳು, ಉಳಿದಿದ್ದ ಒಂದು ಹೆಜ್ಜೆ ಗುರುತಿನ ಮೇಲೇ ಹರಿದುಹೋಗುವ ಟ್ರ್ಯಾಕ್ಟರು, ಅದೆಲ್ಲದರ ನಡುವೆ ಬೈಯುತ್ತ ಕೂಗಾಡುತ್ತ ಅವನು. ಕತ್ತರಿ ಹಾಕದೆ ಒಂದೇ ಉಸಿರಿನಲ್ಲಿ ತೆಗೆದ ದೃಶ್ಯ ಅದು. ನಮಗೆ ನಗು ಬರುತ್ತದೆ. ಆಮೇಲೆ ಆ ನಗುವಿಗೇ ನಾಚಿಕೆಯಾಗುತ್ತದೆ.

ನಾಚಿಕೆ ಆಗುವುದು ಬುದ್ಧಿಮಾಂದ್ಯ ಹುಡುಗ ಕ್ವಾಂಗ್ ಹೋನಿಂದ. ಪಾರ್ಕ್ ನೋ ಶಿಕ್ ಎಂಬ ನಟನ ಪಾತ್ರ. ಅವನನ್ನು ಠಾಣೆಯ ನೆಲಮಾಳಿಗೆಗೆ ಒಯ್ದು ಹೊಡೆಯುತ್ತಾರೆ, ನಡುವೆ ಬ್ರ್ಯಾಂಡ್ ಹೆಸರು ತಿರುಚಿದ ನಕಲಿ ಶೂ ತಂದುಕೊಟ್ಟು ಪುಸಲಾಯಿಸುತ್ತಾರೆ, ತಪ್ಪೊಪ್ಪಿಗೆ ಬಾಯಿಪಾಠ ಮಾಡಿಸುತ್ತಾರೆ. ಎಷ್ಟೋ ದಿನ ಕಳೆದ ಮೇಲೆ ಹಳೆಯ ಟೇಪು ಕೇಳುವಾಗ ಹೊಳೆಯುತ್ತದೆ: ಅವನು ಹೇಳುತ್ತಿದ್ದದ್ದು ತಾನು ಮಾಡಿದ್ದನ್ನಲ್ಲ, ಕಣ್ಣಾರೆ ಕಂಡದ್ದನ್ನು. ಇದ್ದೊಬ್ಬ ಸಾಕ್ಷಿಯನ್ನೇ ಆರೋಪಿ ಮಾಡಿ ಕೂರಿಸಿದ್ದರು. ಅಷ್ಟರಲ್ಲಿ ಹುಡುಗ ಹೆದರಿ ಓಡಿ ರೈಲಿಗೆ ಸಿಕ್ಕಿಬಿಡುತ್ತಾನೆ. ಆ ಹಳಿಯ ಪಕ್ಕದಲ್ಲಿ ಸಾಂಗ್ ಕಾಂಗ್ ಹೋನ ಮುಖ ನೋಡು. ಅಳುವುದಿಲ್ಲ. ಒಳಗಿದ್ದ ಧಿಮಾಕು ಮಾತ್ರ ಸೋರಿಹೋಗುತ್ತದೆ.

ರಾಜಧಾನಿ ಸೋಲ್‌ನಿಂದ ಬಂದ ಪತ್ತೇದಾರ ಸಿಯೋ ತೇ ಯೂನ್‌ನ (ಕಿಮ್ ಸಾಂಗ್ ಕ್ಯುಂಗ್) ದಾರಿ ಇದಕ್ಕೆ ಪೂರ್ತಿ ಉಲ್ಟಾ. ಕಾಗದಪತ್ರ ಸುಳ್ಳು ಹೇಳುವುದಿಲ್ಲ ಅನ್ನುವವನು ಅವನು. ತಣ್ಣನೆಯ ಮನುಷ್ಯ. ಒಂದು ದಿನ ಶಾಲೆ ಹುಡುಗಿಯ ಬೆನ್ನಿನ ಗಾಯಕ್ಕೆ ಪ್ಲಾಸ್ಟರ್ ಅಂಟಿಸಿರುತ್ತಾನೆ. ಮಳೆಯಲ್ಲಿ ಅದೇ ಹುಡುಗಿಯ ಹೆಣದ ಮೇಲೆ ಆ ಪ್ಲಾಸ್ಟರ್ ಕಾಣಿಸಿದಾಗ ಅವನು ಮುರಿದುಬೀಳುತ್ತಾನೆ. ಆ ರಾತ್ರಿ ನಾಗರಿಕ ರಕ್ಷಣಾ ಕವಾಯತೆಂದು ಊರಿನ ದೀಪಗಳನ್ನೆಲ್ಲ ಆರಿಸಿರುತ್ತಾರೆ. ಇನ್ನೊಂದು ಸಲ ಕಾವಲಿಗೆ ಪಡೆ ಕಳಿಸಿ ಎಂದು ಅಂಗಲಾಚಿದರೆ, ಪಡೆಯೆಲ್ಲ ಪ್ರತಿಭಟನೆ ಹತ್ತಿಕ್ಕಲು ಹೋಗಿದೆ ಎಂಬ ಉತ್ತರ. ಚುನ್ ಡೂ ಹ್ವಾನ್‌ನ ಮಿಲಿಟರಿ ಆಳ್ವಿಕೆಯ ಕಾಲ ಅದು. ಕತ್ತಲು ಯಾರು ಮಾಡಿದ್ದು ಅನ್ನುವುದನ್ನು ಸಿನಿಮಾ ಭಾಷಣವಿಲ್ಲದೆ ಹೇಳಿಬಿಡುತ್ತದೆ.

ಸುರಂಗದ ಬಾಯಲ್ಲಿ ಇಬ್ಬರೂ ಅದಲುಬದಲಾಗಿ ನಿಂತಿರುತ್ತಾರೆ. ಕಾಗದ ನಂಬಿದವನ ಕೈಯಲ್ಲಿ ಪಿಸ್ತೂಲು. ಅಮೆರಿಕದಿಂದ ಡಿಎನ್‌ಎ ವರದಿ ಬಂದಿದೆ, ಶಂಕಿತನಿಗೆ ಹೊಂದಿಕೆಯಾಗಿಲ್ಲ. ಕಣ್ಣು ನಂಬಿದವನು ಶಂಕಿತನ ಮುಖವನ್ನು ಕೈಯಲ್ಲಿ ಹಿಡಿದು ದಿಟ್ಟಿಸುತ್ತಾನೆ. ಶಂಕಿತನಾಗಿ ನಟ ಪಾರ್ಕ್ ಹೇ ಇಲ್, ಮೆತ್ತನೆಯ ಕೈಯ, ಮಗುವಿನಂಥ ಮುಖದ ಹುಡುಗ. ಮಳೆ ಸುರಿಯುತ್ತಿದೆ. ಕೊನೆಗೆ ಪಾರ್ಕ್ ಡೂ ಮನ್ ಹೇಳುತ್ತಾನೆ, ‘ಗೊತ್ತಾಗ್ತಿಲ್ಲ’. ಆಮೇಲೆ ಕೇಳುತ್ತಾನೆ, ‘ಊಟಗೀಟ ಮಾಡ್ಕೊಂಡು ಓಡಾಡ್ತಿದ್ದೀಯಾ?’

ಈ ಮಾತು ಚಿತ್ರಕಥೆಯಲ್ಲಿರಲಿಲ್ಲ, ಸಾಂಗ್ ಕಾಂಗ್ ಹೋ ತಾನೇ ಸೇರಿಸಿದ್ದು. ಕೊರಿಯನ್ನರ ‘ಬಾಪ್’ ಅಂದರೆ ಅನ್ನವೂ ಹೌದು, ಊಟವೂ ಹೌದು. ನಮ್ಮ ಹಾಗೆ ಅವರೂ ಎದುರಾದವರನ್ನು ಊಟ ಆಯ್ತಾ ಅಂತ ಕೇಳುವವರು. ಇಂಗ್ಲಿಷ್ ಸಬ್‌ಟೈಟಲ್‌ಗೆ ದಾಟುವಾಗ ಇದರ ಜೀವ ಹೋಗುತ್ತದೆ, ಕನ್ನಡಕ್ಕೆ ಮಾತ್ರ ಹಾಗೇ ಬಂದು ಕೂರುತ್ತದೆ. ಇಂಥದ್ದು ಮಾಡಿಯೂ ನಿನ್ನ ಗಂಟಲಲ್ಲಿ ಅನ್ನ ಇಳಿಯುತ್ತಾ? ಅಥವಾ, ಪಾಪ, ತಪ್ಪು ಮಾಡದವನನ್ನು ಹೊಡೆದುಬಿಟ್ಟೆವಾ, ಉಂಡಿದ್ದೀಯೇನಪ್ಪಾ? ಎರಡೂ ಅದರಲ್ಲಿದೆ. ಶಾಪವೂ ಕರುಣೆಯೂ ಒಂದೇ ಉಸಿರಲ್ಲಿ. ನಾನು ಎಷ್ಟು ಸಲ ಕೇಳಿದರೂ ಯಾವುದು ಹೆಚ್ಚು ಅಂತ ಹೇಳಲಾರೆ.

ಇನ್ನು ಕೊನೆಯ ನೋಟ. ವರ್ಷಗಳಾದ ಮೇಲೆ, ಪೊಲೀಸ್ ಕೆಲಸ ಬಿಟ್ಟು ಜ್ಯೂಸರ್ ಮಾರುವ ಪಾರ್ಕ್ ಅದೇ ಗದ್ದೆಯ ಮೋರಿಯಲ್ಲಿ ಇಣುಕುತ್ತಾನೆ. ಪುಟ್ಟ ಹುಡುಗಿಯೊಬ್ಬಳು ಮೊನ್ನೆ ಇನ್ನೊಬ್ಬನೂ ಹೀಗೇ ಇಣುಕಿದ್ದ ಅನ್ನುತ್ತಾಳೆ. ಹೇಗಿದ್ದ? ಎಲ್ಲರ ಹಾಗೇ ಇದ್ದ, ಸಾಮಾನ್ಯ ಮುಖ. ಪಾರ್ಕ್ ತಿರುಗಿ ನೇರ ನಮ್ಮತ್ತ ನೋಡುತ್ತಾನೆ. ಕೊಲೆಗಾರ ಸಿನಿಮಾ ನೋಡಲು ಬಂದೇ ಬರುತ್ತಾನೆ, ಅವನ ಕಣ್ಣಿಗೆ ಈ ಕಣ್ಣು ಸಿಗಲಿ ಎಂಬುದು ಬಾಂಗ್‌ನ ಆಸೆಯಾಗಿತ್ತು.

ಅವನು ನೋಡಿದ, ಗೆಳೆಯಾ. 2019ರಲ್ಲಿ ಡಿಎನ್‌ಎ ಹೊಂದಿಕೆಯಾಗಿ ಸಿಕ್ಕಿಬಿದ್ದವನು ತನ್ನ ನಾದಿನಿಯ ಕೊಲೆಗಾಗಿ 1994ರಿಂದಲೇ ಜೈಲಿನಲ್ಲಿದ್ದ. ಈ ಸಿನಿಮಾವನ್ನು ಅಲ್ಲೇ ನೋಡಿದ್ದನಂತೆ. ಏನೂ ಅನ್ನಿಸಲಿಲ್ಲ ಅಂತ ಕೋರ್ಟಿನಲ್ಲಿ ಹೇಳಿದ. ಅಷ್ಟು ಹೊತ್ತಿಗೆ ಕಾನೂನಿನ ಗಡುವು 2006ರಲ್ಲೇ ಮುಗಿದಿತ್ತು, ಆ ಕೊಲೆಗಳಿಗೆ ಅವನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. ಎಂಟನೆಯ ಕೊಲೆಗೆ ಬೇರೊಬ್ಬ ಬಡಪಾಯಿ, ಬಲವಂತದ ತಪ್ಪೊಪ್ಪಿಗೆಯ ಮೇಲೆ, ಇಪ್ಪತ್ತು ವರ್ಷ ಜೈಲಿನಲ್ಲಿ ಕಳೆದಿದ್ದ. ಅವನು ನಿರಪರಾಧಿ ಎಂದು ಕೋರ್ಟು ಹೇಳಿದ್ದು 2020ರ ಡಿಸೆಂಬರಿನಲ್ಲಿ. ಇದನ್ನು ಓದಿದ ಮೇಲೆ ಕ್ವಾಂಗ್ ಹೋನ ದೃಶ್ಯಗಳನ್ನು ನನಗೆ ಮೊದಲಿನ ಹಾಗೆ ನೋಡಲು ಆಗುತ್ತಿಲ್ಲ.

ಇನ್ನೊಮ್ಮೆ ನೋಡು, ನನಗಾಗಿ. ಶುರುವಿನಲ್ಲೇ ಠಾಣೆಯಲ್ಲಿ ಇಬ್ಬರು ಹುಡುಗರು ತಲೆ ತಗ್ಗಿಸಿ ಕೂತಿರುತ್ತಾರೆ. ಒಬ್ಬ ಅತ್ಯಾಚಾರದ ಆರೋಪಿ, ಇನ್ನೊಬ್ಬ ಅವನನ್ನು ಹಿಡಿದು ತಂದ ಆ ಹೆಣ್ಣಿನ ಅಣ್ಣ. ಯಾರು ಯಾರು ಹೇಳು ನೋಡೋಣ ಅಂತ ಮೇಲಧಿಕಾರಿ ಪಾರ್ಕ್‌ನನ್ನು ಕೇಳುತ್ತಾನೆ. ಪಾರ್ಕ್ ದಿಟ್ಟಿಸುತ್ತಾನೆ, ನಾವೂ ದಿಟ್ಟಿಸುತ್ತೇವೆ, ಉತ್ತರ ಬರುವ ಮೊದಲೇ ದೃಶ್ಯ ಮುಗಿದುಹೋಗುತ್ತದೆ. ಹೋದ ಸಲ ನಾನೊಬ್ಬನನ್ನು ಆರಿಸಿದ್ದೆ, ಈ ಸಲ ಇನ್ನೊಬ್ಬನನ್ನು. ನೀನು ಯಾರನ್ನು ಆರಿಸಿದೆ, ಏನು ನೋಡಿ ಆರಿಸಿದೆ, ಬರಿ.

ನಿನ್ನ ಗೆಳೆಯ