ಬಾಗಿಲು ನೀನೇ ತೆಗೆ

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹೋದ ತಿಂಗಳು ನಿಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದೆವಲ್ಲ, ಅದರಲ್ಲಿ ಒಂದು ರಾತ್ರಿ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಫೋನಿನಲ್ಲಿ ಹೇಳಿದರೆ ಬೈದ ಹಾಗೆ ಕೇಳಿಸುತ್ತೆ ಅಂತ ಬರೆಯುತ್ತಿದ್ದೇನೆ.

ಗಂಟೆ ಎಂಟೂವರೆ. ನಿನ್ನ ಹೆಂಡತಿ ಬಂದವಳು ಬ್ಯಾಗು ಇಳಿಸಿ, "ಕುಂದಲಹಳ್ಳಿಯಿಂದ ಕೆಂಗೇರಿವರೆಗೂ ನಿಂತುಕೊಂಡೇ ಬಂದೆ" ಅಂದಳು. ಮೆಟ್ರೋದಲ್ಲಿ ಒಂದು ಗಂಟೆಗೂ ಜಾಸ್ತಿ! ನೀನು ಮೊಬೈಲಿನಿಂದ ತಲೆ ಎತ್ತದೆ, "ಸ್ವಲ್ಪ ಬೇಗ ಹೊರಟಿದ್ರೆ ಸೀಟು ಸಿಗ್ತಿತ್ತು" ಅಂದೆ. ಮಾತು ಸುಳ್ಳಲ್ಲ. ಆದರೆ ಅವಳು ಸೀಟು ಸಿಗುವ ಉಪಾಯ ಕೇಳಿರಲಿಲ್ಲ, ಕಾಲು ನೋಯುತ್ತಿದೆ ಅಂತ ಹೇಳಿದ್ದಳು. ಸುಮ್ಮನೆ ಅಡುಗೆಮನೆಗೆ ಹೋದಳು. ಆಮೇಲೆ ಕೇಳಿಸಿದ್ದು ಪಾತ್ರೆಗಳ ಸದ್ದು ಮಾತ್ರ.

ನಾನೂ ಹೀಗೇ ಇದ್ದವನು ಕಣೋ. ನಿನ್ನ ದೊಡ್ಡಮ್ಮ ಮೈಸೂರಿನವಳು. ಅಲ್ಲಿ ವರ್ಷಕ್ಕೆಲ್ಲ ಸೇರಿ ಬೀಳುವ ಮಳೆ 800 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆ ಕಡೆ 7,000 ದಾಟುತ್ತೆ. ಮದುವೆಯಾದ ವರ್ಷ ಆಷಾಢಕ್ಕೆ ತವರಿಗೆ ಹೋಗಿದ್ದಳು. ಮರುವರ್ಷದ ಮಳೆಗಾಲ ಪೂರ್ತಿ ಇಲ್ಲೇ. ಒಂದು ದಿನ, "ಬಿಸಿಲು ನೋಡಿ ಇಪ್ಪತ್ತು ದಿನ ಆಯ್ತು" ಅಂತ ಕಣ್ಣೀರು ಹಾಕಿದಳು. "ನಮ್ಮಮ್ಮ ನಲವತ್ತು ವರ್ಷ ಇಲ್ಲೇ ಬಾಳಿಲ್ವಾ?" ಅಂದುಬಿಟ್ಟೆ. ಮತ್ತೆ ಅವಳು ಮಳೆ ಸುದ್ದಿ ಎತ್ತಲಿಲ್ಲ. ಹೊಂದಿಕೊಂಡಳು ಅಂದುಕೊಂಡೆ.

ಆ ವರ್ಷ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಲು ಮಳೆ ಬಿಡುವು ಕೊಟ್ಟಿರಲಿಲ್ಲ. ಅಡಿಕೆಗೆ ಕೊಳೆ ರೋಗ ಬಂದು ಮರದ ಬುಡದಲ್ಲೆಲ್ಲ ಉದುರಿದ ಕಾಯಿ. ಅದೇ ಚಿಂತೆಯಲ್ಲಿ ತಿರುಗುತ್ತಿದ್ದವನು ಜ್ವರ ಹಿಡಿದು ಎಂಟು ದಿನ ಮಲಗಿದೆ. ಹಾಸಿಗೆ ಅಡುಗೆಮನೆ ಪಕ್ಕದಲ್ಲೇ. ಆಗ ಕಂಡಿತು. ಹಸಿ ಸೌದೆ ಊದಿ ಊದಿ ಅವಳ ಕಣ್ಣು ಕೆಂಪಾಗಿತ್ತು. ಒಲೆಯ ಮೇಲಿನ ಹಗ್ಗದಲ್ಲಿ ಮೊದಲು ನನ್ನ ಅಂಗಿ, ಆಮೇಲೆ ಅಮ್ಮನ ಸೀರೆ. ಅವಳ ಸೀರೆಯ ಸರದಿ ಬರುತ್ತಲೇ ಇರಲಿಲ್ಲ. ಅರೆ ಒದ್ದೆಯದನ್ನೇ ಉಟ್ಟು ಓಡಾಡುತ್ತಿದ್ದಳು.

ಆ ರಾತ್ರಿ, "ಈ ಮಳೆ ನಿಂಗೆ ತುಂಬಾ ಕಷ್ಟ ಆಗ್ತಿದೆ ಅಲ್ವಾ?" ಅಂತ ಕೇಳಿದೆ. ಅಷ್ಟೇ. ತುಂಬಾ ಹೊತ್ತು ಅತ್ತಳು. ಕಣ್ಣು ಒರೆಸಿಕೊಂಡು, "ಕೊಳೆಯಲ್ಲಿ ಎಷ್ಟು ಹೋಯ್ತು?" ಅಂದಳು. ಅಲ್ಲಿವರೆಗೆ ಆ ಲೆಕ್ಕ ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಪೂರ್ತಿ ಹೇಳಿಕೊಂಡೆ. ಮಳೆ ನಿಲ್ಲಲಿಲ್ಲ, ಅಡಿಕೆ ವಾಪಸ್ ಬರಲಿಲ್ಲ. ಆದರೆ ಎಷ್ಟೋ ದಿನದ ಮೇಲೆ ನನಗೆ ನಿದ್ದೆ ಬಂತು.

ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟು ಅನ್ನುತ್ತಿಲ್ಲ. ಜಗಳ ಇದ್ದರೆ ಆಡಿ. ನಿನಗೂ ಆಫೀಸಿನಲ್ಲಿ ಏನೋ ಸರಿ ಇಲ್ಲ ಅಂತ ನಿನ್ನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅದನ್ನು ಅವಳಿಗೆ ಹೇಳಿದ್ದೀಯಾ?

ದೊಡ್ಡಮ್ಮ ಅವಳಿಗೆ ಅಂತಲೇ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದಾಳೆ. ನಾಳೆ ಅವಳು ಬರುವ ಹೊತ್ತಿಗೆ ಮೊಬೈಲು ಪಕ್ಕಕ್ಕಿಟ್ಟು, ಬಾಗಿಲು ನೀನೇ ತೆಗೆ.

ಇಂತಿ,
ನಿನ್ನ ದೊಡ್ಡಪ್ಪ