ಆ ಮನೆಗೆ ಒಂದ್ಸಲ ಹೋಗಿ ಬಾ

ಪ್ರೀತಿಯ ಪುಟ್ಟಾ,

ನಿನ್ನ ಮೆಸೇಜ್ ಓದಿದೆ. ಪ್ಯಾರಾ ಕಮಾಂಡೋ ಆಗಿದ್ದು ತೀರಿಹೋದ ಹುಡುಗನ ಅಪ್ಪ ಅಮ್ಮ ನಿನ್ನ ಬೀದಿಯಲ್ಲೇ ಇದ್ದಾರೆ, ಎದುರು ಸಿಕ್ಕರೆ ಏನು ಮಾತಾಡಬೇಕೋ ತೋಚದೆ ತಲೆ ತಗ್ಗಿಸಿಕೊಂಡು ಹೋಗ್ತೀನಿ ಅಂತ ಬರೆದಿದ್ದೀಯ. ಹಾಗೆ ಮಾಡಬೇಡ ಮಗನೇ.

ಯಲಹಂಕದಲ್ಲಿ ನೀನು ದಿನಾ ಬೈಕಿನಲ್ಲಿ ಹೋಗುವ ರಸ್ತೆಗೆ ಮೇಜರ್ ಸಂದೀಪ್ ಉಣ್ಣಿಕೃಷ್ಣನ್ ಅವರ ಹೆಸರಿದೆ, ಅಲ್ವಾ? ಬೆಂಗಳೂರಿನಲ್ಲೇ ಬೆಳೆದವರು. ಅಪ್ಪ ಇಸ್ರೋದಲ್ಲಿದ್ದರು, ಇವರೊಬ್ಬರೇ ಮಗ. ಸೈನ್ಯದ ಬಿಹಾರ್ ರೆಜಿಮೆಂಟಿನಿಂದ, ಉಗ್ರರನ್ನು ಎದುರಿಸುವ ಕಮಾಂಡೋ ಪಡೆ ಎನ್‌ಎಸ್‌ಜಿಗೆ ಹೋಗಿದ್ದರು. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ಉಗ್ರರ ದಾಳಿ ಆದಾಗ ತಾಜ್ ಹೋಟೆಲಿನೊಳಗೆ, ಗುಂಡು ತಗುಲಿದ ಜೊತೆಗಾರನನ್ನು ಮೊದಲು ಹೊರಗೆ ಸಾಗಿಸಿ, ಉಗ್ರರ ಬೆನ್ನು ಹತ್ತಿ ತಾವೇ ಹೋದರು. 28ನೇ ತಾರೀಖು ಹೋಗಿಬಿಟ್ಟರು, ಬರೀ 31 ವರ್ಷ. ಅದೇ ದಾಳಿಯಲ್ಲಿ ಮುಂಬೈನ ಇನ್ನೊಂದು ಕಟ್ಟಡ ನಾರಿಮನ್ ಹೌಸ್‌ನಲ್ಲಿ ಎನ್‌ಎಸ್‌ಜಿಯ ಹವಾಲ್ದಾರ್ ಗಜೇಂದರ್ ಸಿಂಗ್ ಬಿಷ್ಟ್ ಕೂಡ ಪ್ರಾಣ ಕೊಟ್ಟರು. 2009ರಲ್ಲಿ ಇಬ್ಬರಿಗೂ ಅಶೋಕ ಚಕ್ರ ಬಂತು. ಆದರೆ ಬಿಷ್ಟ್ ಅವರ ಹೆಸರು ನಮ್ಮ ಕಡೆ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದು ನನಗೆ ಈಗಲೂ ಚುಚ್ಚುತ್ತೆ.

ಸಂದೀಪ್ ಅವರ ಸಾಮಾನುಗಳನ್ನು ಅಪ್ಪ ಅಮ್ಮ ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ, ಬಂದವರಿಗೆ ತೋರಿಸಿ ಮಗನ ವಿಷಯ ಹೇಳುತ್ತಾರೆ. ಇದನ್ನು ಓದಿದಾಗ ನನಗೆ ನನ್ನ ತಪ್ಪು ನೆನಪಾಯಿತು. ನನ್ನ ಗೆಳೆಯನ ಮಗ ಸೈನ್ಯದಲ್ಲಿ ತೀರಿಕೊಂಡಾಗ, ಹೋದರೆ ಗಾಯ ಕೆದಕಿದ ಹಾಗಾಗುತ್ತೆ ಅಂದುಕೊಂಡು ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದೆ. ಆ ಹುಡುಗನ ತಾಯಿ ಒಳಗಿಂದ ಕೋಡುಬಳೆ ಡಬ್ಬಿ ತಂದು ನನ್ನ ಮುಂದಿಟ್ಟು, "ರಜೆಗೆ ಬಂದರೆ ಇದು ಖಾಲಿ ಆಗೋವರೆಗೂ ಬಿಡ್ತಿರಲಿಲ್ಲ" ಅಂದರು. ಆಮೇಲೆ ಎರಡು ಗಂಟೆ ಅವನ ಮಾತೇ. ನಡುವೆ ನಕ್ಕರು ಕೂಡ. ಹೊರಡುವಾಗ, "ಅವನ ಹೆಸರು ಎತ್ತೋರೇ ಇಲ್ಲ ಕಣಪ್ಪ ಈಗ" ಅಂದರು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ.

ಅದಕ್ಕೇ ಹೇಳ್ತಿದ್ದೀನಿ. ನೀವು ಪುಣ್ಯವಂತರು ಅಂತೆಲ್ಲ ಭಾಷಣ ಬೇಡ, ಅದನ್ನು ಬಂದವರೆಲ್ಲ ಹೇಳಿರುತ್ತಾರೆ. ಹೇಗಾಯಿತು, ಸರ್ಕಾರದಿಂದ ಎಷ್ಟು ಬಂತು ಅಂತ ಅಪ್ಪಿತಪ್ಪಿಯೂ ಕೇಳಬೇಡ. ಫೋನ್ ಜೇಬಲ್ಲೇ ಇರಲಿ, ಫೋಟೋ ಬೇಡ. ಹುಡುಗನ ಹೆಸರು ಹಿಡಿದು, ಚಿಕ್ಕವನಿದ್ದಾಗ ಹೇಗಿದ್ದ ಅಂತ ಕೇಳು, ಸುಮ್ನೆ ಕೂತು ಕೇಳಿಸಿಕೋ. ಅತ್ತರೆ ಗಾಬರಿಯಾಗಿ ಎದ್ದು ಬರಬೇಡ. ಹಬ್ಬದ ದಿನ ಮತ್ತೆ ಹೋಗು. ಔಷಧಿ ತರೋದು, ಬ್ಯಾಂಕಿಗೆ ಕರೆದುಕೊಂಡು ಹೋಗೋದು, ಇಂಥ ಕೆಲಸವನ್ನು ಅವರಾಗಿ ಬಾಯಿಬಿಟ್ಟು ಕೇಳೋದಿಲ್ಲ, ನೀನೇ ವಿಚಾರಿಸು.

ಈ ಭಾನುವಾರವೇ ಹೋಗು. ಬಂದ ಮೇಲೆ ನನಗೆ ಫೋನ್ ಮಾಡಿ, ಆ ಹುಡುಗನಿಗೆ ಏನು ಇಷ್ಟ ಇತ್ತು ಅಂತ ಹೇಳು.

ನಿನ್ನ ದೊಡ್ಡಪ್ಪ